ಮ್ಯಾಲಮ್‌ನಲ್ಲಿ ನೀರಿನ ಜಾಡು

ಲೀಡ್ಸ್ ನಗರದ ನಡುವೆ ಹರಿಯುವ ಏರ್ ನದಿಯನ್ನು ನೋಡಲೆಂದು ಯಾರೂ ದೂರದಿಂದ ಬರುವುದಿಲ್ಲ. ಉಣ್ಣೆ ಗಿರಣಿಗಳ ಕಾಲದಲ್ಲಿ ಬಣ್ಣದ ನೀರು, ಉಣ್ಣೆ ತೊಳೆದ ಜಿಡ್ಡು, ಊರಿನ ಕೊಳಚೆ ಎಲ್ಲವನ್ನೂ ಹೊತ್ತು ಸಾಗಿದ ನದಿ ಅದು. ಈಗ ದಂಡೆಯ ಹಳೇ ಗೋದಾಮುಗಳು ಫ್ಲ್ಯಾಟುಗಳಾಗಿವೆ, ನೀರೂ ತಕ್ಕಮಟ್ಟಿಗೆ ತಿಳಿಯಾಗಿದೆ. ನಾನು ರೇಡಿಯೋಗ್ರಾಫರ್ ಆಗಿರುವ ಆಸ್ಪತ್ರೆಗೆ ಅದರ ಮೇಲಿನ ಸೇತುವೆ ದಾಟಿಯೇ ಹೋಗಬೇಕು. 2015ರ ಡಿಸೆಂಬರ್ 26ರಂದು, ಕ್ರಿಸ್‌ಮಸ್‌ನ ಮರುದಿನ, ಇದೇ ನದಿ ಉಕ್ಕಿ ಕರ್ಕ್‌ಸ್ಟಾಲ್ ರಸ್ತೆಯ ಅಂಗಡಿಗಳಿಗೆ ನುಗ್ಗಿತ್ತು. ಇಷ್ಟು ನೀರು ಎಲ್ಲಿಂದ ಬರುತ್ತದೆ ಎಂದು ನಕ್ಷೆ ಬಿಚ್ಚಿ, ನೀಲಿ ಗೆರೆಯ ಮೇಲೆ ಬೆರಳಿಟ್ಟು ಮೇಲಕ್ಕೆ ಹೋದರೆ ಕೀತ್ಲಿ, ಸ್ಕಿಪ್ಟನ್ ದಾಟಿ ಮ್ಯಾಲಮ್ ಎಂಬ ಹಳ್ಳಿ ಸಿಗುತ್ತದೆ. ಅಲ್ಲಿ ಗೆರೆ ತುಂಡಾಗುತ್ತದೆ. ಮೇಲೆ ಬೆಟ್ಟದಲ್ಲಿ ಇನ್ನೊಂದು ನೀಲಿ ಗೆರೆ ಕಾಣುತ್ತದೆ, ಆದರೆ ಅದು ಯಾವುದನ್ನೂ ಸೇರದೆ ಬಯಲಲ್ಲೇ ನಿಂತುಬಿಡುತ್ತದೆ.

ಬ್ರಿಟನ್ನಿನ ಸರ್ವೇ ಇಲಾಖೆಯಾದ ಆರ್ಡ್‌ನೆನ್ಸ್ ಸರ್ವೆ ಚಾರಣಿಗರಿಗೆಂದೇ ಒಂದು ಕಿಲೋಮೀಟರಿಗೆ ನಾಲ್ಕು ಸೆಂಟಿಮೀಟರ್ ಲೆಕ್ಕದ ನಕ್ಷೆಗಳನ್ನು ಅಚ್ಚು ಹಾಕುತ್ತದೆ. ಯಾರ್ಕ್‌ಶೈರ್ ಡೇಲ್ಸ್‌ನ ದಕ್ಷಿಣ ಮತ್ತು ಪಶ್ಚಿಮ ಭಾಗದ ನಕ್ಷೆಯ ನಂಬರು ಓಎಲ್2. ಅದರಲ್ಲಿ ಗೆರೆ ತುಂಡಾದ ಕಡೆಗಳಲ್ಲೆಲ್ಲ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಇರುತ್ತದೆ: ಇಲ್ಲಿ ಇಂಗುತ್ತದೆ, ಇಲ್ಲಿ ಹೊರಡುತ್ತದೆ, ಇಲ್ಲಿ ನೆಲ ಕುಸಿದ ಗುಣಿಗಳಿವೆ. ಬೇರೆ ಬೆಟ್ಟಗಳಲ್ಲಿ ಚಾರಣಕ್ಕೆ ಹೋದವರು ಶಿಖರ ನೋಡುತ್ತಾರೆ. ಸುಣ್ಣಕಲ್ಲಿನ ಬೆಟ್ಟಗಳಲ್ಲಿ ನೋಡಬೇಕಾದದ್ದು ನೀರನ್ನು, ಅದು ಎಲ್ಲಿದೆ, ಎಲ್ಲಿರಬೇಕಿತ್ತು, ಎಲ್ಲಿಲ್ಲ ಎಂಬುದನ್ನು. ಈ ಒಂದು ಹುಚ್ಚಿಗೇ ನಾನು ರಜೆ ಸಿಕ್ಕಾಗಲೆಲ್ಲ ಮ್ಯಾಲಮ್ ಬಸ್ಸು ಹತ್ತುತ್ತೇನೆ.

ಈ ಕಲ್ಲು ನನಗೆ ಹೊಸದೇನೂ ಅಲ್ಲ. ನಾನು ಹುಟ್ಟಿ ಬೆಳೆದದ್ದು ಕಲಬುರಗಿ ಜಿಲ್ಲೆಯ ಶಹಾಬಾದಿನಲ್ಲಿ. ನಮ್ಮ ಕಡೆ ಮನೆಯ ನೆಲ, ಕಂಪೌಂಡಿನ ಗೋಡೆ, ಬಟ್ಟೆ ಒಗೆಯುವ ಬಂಡೆ, ಅಡುಗೆ ಕಟ್ಟೆ ಎಲ್ಲಕ್ಕೂ ಅದೇ ಫರಸಿ. ಅದೂ ಸುಣ್ಣಕಲ್ಲೇ. ಅಪ್ಪ ಖಣಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಪದರು ಪದರಾಗಿ ಮಲಗಿದ ಕಲ್ಲಿಗೆ ಉಳಿ ಹಚ್ಚಿ, ಹಾರೆ ಹಾಕಿ ಎಬ್ಬಿಸಿದರೆ ಮೊಳದಗಲದ ಹಲಗೆಗಳು ಹಾಗೇ ಏಳುವುದನ್ನು ನೋಡುತ್ತಲೇ ದೊಡ್ಡವಳಾದೆ. ವಾಡಿ, ಸೇಡಂ ಕಡೆ ಅದನ್ನೇ ಸುಟ್ಟು ಸಿಮೆಂಟು ಮಾಡುತ್ತಾರೆ. ಒಟ್ಟಿನಲ್ಲಿ ಸುಣ್ಣಕಲ್ಲು ಎಂದರೆ ಅಗೆಯುವ, ಸೀಳುವ, ಲಾರಿಗೆ ತುಂಬುವ ಸಾಮಾನು ಎಂದುಕೊಂಡಿದ್ದ ನನಗೆ, ಅದನ್ನು ಬೆಟ್ಟವಾಗಿಯೇ ಬಿಟ್ಟರೆ ಏನಾಗುತ್ತದೆ ಎಂದು ತೋರಿಸಿದ್ದು ಯಾರ್ಕ್‌ಶೈರ್.

ಆಗುವುದು ಇಷ್ಟು. ಮಳೆನೀರು ಗಾಳಿಯಿಂದ ಒಂದಿಷ್ಟು, ಮಣ್ಣಿನಿಂದ ಇನ್ನಷ್ಟು ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ತೆಳುವಾದ ಆಮ್ಲವಾಗುತ್ತದೆ. ಗ್ರಾನೈಟಿಗೆ ಅದು ಲೆಕ್ಕಕ್ಕಿಲ್ಲ. ಸುಣ್ಣಕಲ್ಲು ಮಾತ್ರ ಕರಗುತ್ತದೆ, ಬಹಳ ನಿಧಾನವಾಗಿ, ಆದರೆ ಎಡೆಬಿಡದೆ. ಕಲ್ಲಿನಲ್ಲಿ ಮೊದಲೇ ಇದ್ದ ಸೀಳುಗಳಲ್ಲಿ ನೀರು ಇಳಿದು ಅವುಗಳನ್ನು ಅಗಲ ಮಾಡುತ್ತಾ ಹೋಗುತ್ತದೆ. ಸೀಳು ಸಂದಿಯಾಗುತ್ತದೆ, ಸಂದಿ ಬಿಲವಾಗುತ್ತದೆ, ಬಿಲ ಗುಹೆಯಾಗುತ್ತದೆ. ಕೊನೆಗೆ ಹೊಳೆಗೆ ನೆಲದ ಮೇಲೆ ಹರಿಯುವ ಗರಜೇ ಉಳಿಯುವುದಿಲ್ಲ. ಕರ್ನಾಟಕದಲ್ಲಿ ಇದರ ಒಂದು ರೂಪ ನೋಡಬೇಕೆಂದರೆ ಕುಮಟಾ ಹತ್ತಿರದ ಯಾಣಕ್ಕೆ ಹೋಗಬೇಕು. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ, ಎರಡೂ ಕಪ್ಪು ಸುಣ್ಣಕಲ್ಲಿನವು. ಸೊಕ್ಕಿದ್ದವರು ಯಾಣಕ್ಕೆ, ರೊಕ್ಕ ಇದ್ದವರು ಗೋಕರ್ಣಕ್ಕೆ ಎಂಬ ಮಾತು ಗೊತ್ತಲ್ಲ. ಮ್ಯಾಲಮ್‌ಗೆ ಎರಡೂ ಬೇಡ, ನೀರು ಇಳಿಯದ ಬೂಟು ಸಾಕು.

ಲೀಡ್ಸಿನಿಂದ ಸ್ಕಿಪ್ಟನ್ನಿಗೆ ಮುಕ್ಕಾಲು ಗಂಟೆಯ ರೈಲು, ಅಲ್ಲಿಂದ ಬಸ್ಸು. ಬಸ್ಸುಗಳು ಬೆರಳೆಣಿಕೆಯಷ್ಟು, ವಾಪಸು ಬರುವ ಹೊತ್ತನ್ನು ಮೊದಲೇ ನೋಡಿಟ್ಟುಕೊಳ್ಳಬೇಕು. ಹಳ್ಳಿಯಿಂದ ಹೊರಟು ಜಾನೆಟ್ಸ್ ಫಾಸ್ ಜಲಪಾತ, ಗೋರ್ಡೇಲ್ ಕಮರಿ, ಮೇಲಿನ ಕೆರೆ, ಬತ್ತಿದ ಕಣಿವೆ, ಮ್ಯಾಲಮ್ ಕೋವ್ ಎಂಬ ದೊಡ್ಡ ಬಂಡೆಗೋಡೆ, ಇಷ್ಟನ್ನೂ ಸುತ್ತಿ ಮತ್ತೆ ಹಳ್ಳಿಗೆ ಬಂದರೆ ಹನ್ನೆರಡು ಹದಿಮೂರು ಕಿಲೋಮೀಟರು. ಬಿರುಸಾಗಿ ನಡೆಯುವವರಿಗೆ ನಾಲ್ಕು ತಾಸು. ನನ್ನ ಹಾಗೆ ಕಲ್ಲು ಕಂಡಲ್ಲಿ ಕೂರುವವರಿಗೆ ಇಡೀ ದಿನ.

ನಮ್ಮವ್ವ ಒಂದು ಬೇಸಿಗೆ ಇಲ್ಲಿಗೆ ಬಂದಿದ್ದಾಗ ಅವಳನ್ನೂ ಕರೆದೊಯ್ದೆ. ಸೀರೆ, ಅದರ ಮೇಲೆ ನನ್ನ ಮಳೆಕೋಟು, ಕಾಲಿಗೆ ಮೊಮ್ಮಗನ ಸ್ಪೋರ್ಟ್ಸ್ ಶೂ. ಹಳ್ಳಿ ಮುಗಿದು ಮೊದಲ ಹುಲ್ಲುಗಾವಲಿನ ಗೇಟು ಬಂದಾಗ ಅವಳು ನಿಂತುಬಿಟ್ಟಳು. ಒಳಗೆ ಕುರಿಗಳು ಮೇಯುತ್ತಿದ್ದವು, ಆಚೆ ರೈತನ ಮನೆ ಕಾಣುತ್ತಿತ್ತು.

‘ಯವ್ವಾ, ಯಾರದೋ ಹೊಲದಾಗ ಹಿಂಗ ನುಗ್ಗೂದು ಛಲೋ ಅಲ್ಲ. ಬೈತಾರ.’

‘ಬೈಯಂಗಿಲ್ಲವ್ವ. ಇದು ಎಲ್ಲಾರ ದಾರಿ.’

ಗೇಟಿನ ಕಂಬದ ಮೇಲಿನ ಹಳದಿ ಬಾಣ ತೋರಿಸಿದೆ. ಇಂಗ್ಲೆಂಡಿನಲ್ಲಿ ನಡೆಯುವುದನ್ನು ಬೇರೆ ದೇಶದ ನಡಿಗೆಗಿಂತ ಬೇರೆಯಾಗಿಸಿರುವುದು ಈ ಬಾಣ. ಹಳದಿ ಇದ್ದರೆ ಕಾಲ್ನಡಿಗೆಯವರಿಗೆ, ನೀಲಿ ಇದ್ದರೆ ಕುದುರೆ, ಸೈಕಲ್ಲುಗಳಿಗೂ ಸೇರಿ. ಹೊಲ ರೈತನದು, ಅದರ ನಡುವಿನ ದಾರಿಯಲ್ಲಿ ಹೋಗುವ ಹಕ್ಕು ಎಲ್ಲರದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ಹಕ್ಕಿನ ದಾರಿಗಳು ಸುಮಾರು 2,25,000 ಕಿಲೋಮೀಟರಿನಷ್ಟಿವೆ. ರೈತ ಅದನ್ನು ಮುಚ್ಚುವಂತಿಲ್ಲ. ನಡೆಯುವವರು ಗೇಟು ಹೇಗಿತ್ತೋ ಹಾಗೆ ಬಿಟ್ಟು ಹೋಗಬೇಕು, ನಾಯಿ ಇದ್ದರೆ ಹಗ್ಗ ಹಿಡಿದಿರಬೇಕು, ಮರಿ ಹಾಕುವ ವಸಂತದಲ್ಲಂತೂ ಕುರಿಗಳಿಂದ ದೂರ ಇರಬೇಕು. ಗೇಟು ಇಲ್ಲದ ಕಡೆ ತಡಮೆ ಇರುತ್ತದೆ. ಕಲ್ಲಿನ ಗೋಡೆಯಲ್ಲೇ ಚಾಚಿದ ಮೆಟ್ಟಿಲುಗಳು, ಇಲ್ಲವೇ ಮನುಷ್ಯರ ಕಾಲು ತೂರುವಷ್ಟು, ಕುರಿಯ ಹೊಟ್ಟೆ ತೂರದಷ್ಟು ಕಿರಿದಾದ ಸಂದಿ. ಅಂಥ ಒಂದು ಸಂದಿಯಲ್ಲಿ ಅವ್ವನ ಸೀರೆಯ ನಿರಿಗೆಗಳು ಸಿಕ್ಕಿಕೊಂಡು, ಹಿಂದೆ ಬರುತ್ತಿದ್ದ ಅಜ್ಜ ಅಜ್ಜಿ ಜೋಡಿ ತಾವೇ ಬಿಡಿಸಿಕೊಟ್ಟು, ಬಟ್ಟೆ ಬಹಳ ಚಂದವಿದೆ ಎಂದು ಹೊಗಳಿ ಮುಂದೆ ಹೋದರು.

ಗೋಡೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಡೇಲ್ಸ್ ಸೀಮೆಯಲ್ಲಿ 8,000 ಕಿಲೋಮೀಟರಿಗೂ ಹೆಚ್ಚು ಉದ್ದದ ಕಲ್ಲುಗೋಡೆಗಳಿವೆ. ಗಾರೆಯಿಲ್ಲ, ಸಿಮೆಂಟಿಲ್ಲ. ಎರಡು ಸಾಲು ಕಲ್ಲು ಎದುರುಬದುರು ಏಳುತ್ತವೆ, ಮೇಲೆ ಹೋದಂತೆ ಒಂದಕ್ಕೊಂದು ವಾಲಿ ಹತ್ತಿರವಾಗುತ್ತವೆ. ನಡುವೆ ಚೂರುಕಲ್ಲು ಜಡಿದು ತುಂಬುತ್ತಾರೆ. ಅಲ್ಲಲ್ಲಿ ಎರಡೂ ಸಾಲನ್ನು ಹಿಡಿದಿಡುವಷ್ಟು ಉದ್ದದ ಕಲ್ಲು ಅಡ್ಡ ಹಾಕಿ, ಮೇಲೆ ತೂಕದ ಕಲ್ಲುಗಳನ್ನು ನಿಲ್ಲಿಸಿ ಮುಗಿಸುತ್ತಾರೆ. ಗಾಳಿ ತೂರಿಹೋಗುತ್ತದೆ, ಗೋಡೆ ನಿಲ್ಲುತ್ತದೆ. ಹದಿನೆಂಟು ಹತ್ತೊಂಬತ್ತನೇ ಶತಮಾನದಲ್ಲಿ ಊರೊಟ್ಟಿನ ಗೋಮಾಳಗಳನ್ನು ಕಾನೂನು ಮಾಡಿ ಹಂಚಿಕೊಂಡಾಗ ಇವುಗಳಲ್ಲಿ ಬಹಳಷ್ಟು ಎದ್ದವು. ಹಾಗಾಗಿ ಫೋಟೋದಲ್ಲಿ ಚಂದ ಕಾಣುವ ಈ ಗೋಡೆಗಳ ಹಿಂದೆ, ಮೇವಿನ ಹಕ್ಕು ಕಳೆದುಕೊಂಡ ಬಡವರ ಕತೆಯೂ ಇದೆ.

ಗೋರ್ಡೇಲ್ ತೊರೆಯ ಪಕ್ಕದ ಕಾಡಿಗೆ ಮೇ ತಿಂಗಳಲ್ಲಿ ಹೋದರೆ ಕಣ್ಣಿಗಿಂತ ಮೊದಲು ಮೂಗು ಎಚ್ಚರಾಗುತ್ತದೆ. ಮರಗಳ ಬುಡದ ತುಂಬ ಕಾಡು ಬೆಳ್ಳುಳ್ಳಿ, ಬಿಳಿ ಹೂವು, ಒಗ್ಗರಣೆಯ ವಾಸನೆ. ಅವ್ವ ಒಂದು ಎಲೆ ಕಿತ್ತು ಹೊಸಕಿ ಮೂಸಿ ‘ಚಟ್ನಿ ಆಗ್ತದ’ ಎಂದಳು. ಆಗುತ್ತದೆ ಕೂಡ. ಕಾಡಿನ ಕೊನೆಗೆ ಜಾನೆಟ್ಸ್ ಫಾಸ್. ಸಣ್ಣ ಜಲಪಾತ, ಕೆಳಗೆ ಹಸಿರು ಮಡು. ಹಿಂದೆ ಉಣ್ಣೆ ಕತ್ತರಿಸುವ ಮೊದಲು ಊರಿನ ಕುರಿಗಳನ್ನು ಇದೇ ಮಡುವಿನಲ್ಲಿ ತೊಳೆಯುತ್ತಿದ್ದರು. ನೀರು ಬೀಳುವ ಬಂಡೆಯನ್ನು ಹತ್ತಿರದಿಂದ ನೋಡಿ. ಅದು ಉಬ್ಬಿಕೊಂಡಿದೆ, ಮೇಲೆ ಪಾಚಿ ಹಿಡಿದಿದೆ, ಸವೆದ ಲಕ್ಷಣವೇ ಇಲ್ಲ. ಸವೆಯುವ ಬದಲು ಅದು ಬೆಳೆಯುತ್ತಿದೆ. ನಮ್ಮೂರ ಬೋರಿನ ಗಡಸು ನೀರು ಕಾಸಿ ಕಾಸಿ ಹಂಡೆಯ ಒಳಗೆ ಬೆಳ್ಳಗೆ ಕಟ್ಟಿಕೊಳ್ಳುತ್ತಿತ್ತಲ್ಲ, ಇಲ್ಲಿ ಆಗುತ್ತಿರುವುದು ಅದೇ. ಬೆಟ್ಟದೊಳಗೆ ಕರಗಿಸಿಕೊಂಡ ಸುಣ್ಣವನ್ನು ಹೊತ್ತು ಬಂದ ನೀರು ಬಂಡೆಗೆ ಅಪ್ಪಳಿಸಿ ಚದುರಿದಾಗ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹಾರುತ್ತದೆ, ಸುಣ್ಣ ಪಾಚಿಯ ಎಳೆಗಳ ಮೇಲೆ ಕೂತು ಕಲ್ಲಾಗುತ್ತದೆ. ಇದಕ್ಕೆ ಟೂಫಾ ಎನ್ನುತ್ತಾರೆ. ತೂತುತೂತಾದ ಮೆದು ಕಲ್ಲು. ಬೂಟುಗಾಲಲ್ಲಿ ತುಳಿದರೆ ಪುಡಿಯಾಗುತ್ತದೆ.

ಮುಂದಿನ ಗೋರ್ಡೇಲ್ ಸ್ಕಾರ್ ಕಮರಿಯಲ್ಲಿ ಈ ಎಚ್ಚರಿಕೆ ಇನ್ನೂ ಮುಖ್ಯ. ಹುಲ್ಲುಗಾವಲಿನಲ್ಲಿ ಸುಮ್ಮನೆ ನಡೆಯುತ್ತಿರುವಾಗ ಕಣಿವೆ ಬಲಕ್ಕೆ ತಿರುಗುತ್ತದೆ, ಎರಡೂ ಕಡೆ ನೂರು ಮೀಟರ್ ಎತ್ತರದ ಬಂಡೆಗಳು ತಲೆಯ ಮೇಲೆ ಬಾಗುತ್ತವೆ. ಜೇಮ್ಸ್ ವಾರ್ಡ್ ಎಂಬ ಚಿತ್ರಕಾರ 1812ರಿಂದ 1814ರವರೆಗೆ ಇದನ್ನು ಬರೆದ. ಲಂಡನ್ನಿನ ಟೇಟ್‌ನಲ್ಲಿರುವ ಆ ಚಿತ್ರ ಒಂದು ಗೋಡೆಯನ್ನೇ ತುಂಬುವಷ್ಟಿದೆ. ಆದರೂ ಸ್ಥಳದಲ್ಲಿ ನಿಂತಾಗಿನ ಕತ್ತುನೋವು ಅದರಲ್ಲಿಲ್ಲ. ಇಲ್ಲಿ ಎರಡು ಹಂತದ ಜಲಪಾತ ಇದೆ. ಕೆಳಗಿನದರ ಪಕ್ಕದ ಬಂಡೆಯನ್ನು ಕೈಕಾಲು ಊರಿ ಹತ್ತಿದರೆ ಮೇಲಿನ ಬಯಲಿಗೆ ದಾರಿ. ಕೆಲವೇ ಮೀಟರಿನ ಹತ್ತುವಿಕೆ, ಮಳೆಯಾಗಿ ನೀರು ಜಾಸ್ತಿ ಇದ್ದ ದಿನ ಕೈ ಹಾಕಲೇಬಾರದು. ಅವ್ವನೊಂದಿಗೆ ಹೋದ ದಿನ ನಾವು ಹತ್ತಲಿಲ್ಲ, ಹಿಂದಿರುಗಿ ರಸ್ತೆಯ ಕಡೆಯಿಂದ ಸುತ್ತಿ ಹೋದೆವು. ಆ ಸುತ್ತುದಾರಿಯಲ್ಲಿ ಹೋಗುವುದು ಅವಮಾನ ಎಂದುಕೊಳ್ಳುವ ಗಂಡಸರನ್ನು ನಮ್ಮ ಚಾರಣದ ಗುಂಪಿನಲ್ಲಿ ನೋಡಿದ್ದೇನೆ. ಅವರ ಮೊಣಕೈಯ ಎಕ್ಸ್‌ರೇ ತೆಗೆಯುವುದು ನನ್ನಂಥವರ ಪಾಲಿಗೆ ಬರುತ್ತದೆ.

ಮೇಲಿನ ಬಯಲು ಬೇರೆಯೇ ಲೋಕ. ಮರವಿಲ್ಲ, ನೆರಳಿಲ್ಲ, ಗಾಳಿಯೊಂದೇ. ಮಠಗಳ ಕಾಲದಲ್ಲಿ ಫೌಂಟನ್ಸ್ ಮಠದ ಸಂನ್ಯಾಸಿಗಳ ಕುರಿಮಂದೆಗಳು ಮ್ಯಾಸ್ಟೈಲ್ಸ್ ಲೇನ್ ಎಂಬ ಹುಲ್ಲುದಾರಿಯಲ್ಲಿ ಇಲ್ಲೇ ಓಡಾಡುತ್ತಿದ್ದವು. ದಾರಿ ಈಗಲೂ ಇದೆ, ಗೋಡೆಗಳ ನಡುವೆ ನೆಟ್ಟಗೆ ಹೋಗುತ್ತದೆ. ಇಂಥ ಬಯಲುಗಳಲ್ಲಿ ಸಾಮಾನ್ಯರು ಕಾಲಿಡಲು ಬಹಳ ಜಗಳವಾಗಿದೆ. ಇಂಗ್ಲೆಂಡಿನ ಮೇಲುನಾಡು ಜಮೀನ್ದಾರರ ಕೋಳಿಬೇಟೆಗೆ ಮೀಸಲಾಗಿತ್ತು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ಕೂಲಿಕಾರ ತರುಣರು ಬೆನ್ನಿ ರಾತ್‌ಮನ್ ಎಂಬ ಇಪ್ಪತ್ತರ ಹುಡುಗನ ಮುಂದಾಳುತನದಲ್ಲಿ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನಿಷೇಧ ಮುರಿದು ಹತ್ತಿದರು. ಐವರು ಜೈಲಿಗೆ ಹೋದರು. 1935ರಲ್ಲಿ ಟಾಮ್ ಸ್ಟೀವನ್‌ಸನ್ ಎಂಬ ಪತ್ರಕರ್ತ ಇಂಗ್ಲೆಂಡಿನ ಬೆನ್ನೆಲುಬಿನುದ್ದಕ್ಕೂ ಒಂದು ನಡೆದಾರಿ ಬೇಕೆಂದು ಬರೆದ. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯ್ದೆ ಬಂತು, 1954ರಲ್ಲಿ ಯಾರ್ಕ್‌ಶೈರ್ ಡೇಲ್ಸ್ ರಾಷ್ಟ್ರೀಯ ಉದ್ಯಾನವಾಯಿತು. ಸ್ಟೀವನ್‌ಸನ್ ಕೇಳಿದ 431 ಕಿಲೋಮೀಟರಿನ ಪೆನೈನ್ ವೇ ದಾರಿಯನ್ನು 1965ರಲ್ಲಿ ಇದೇ ಮ್ಯಾಲಮ್ ಬಯಲಿನಲ್ಲಿ ಸಭೆ ಮಾಡಿ ತೆರೆದರು. ತಾರೀಖು ಏಪ್ರಿಲ್ 24. ಬಯಲು, ಗುಡ್ಡಗಳಲ್ಲಿ ದಾರಿ ಬಿಟ್ಟೂ ತಿರುಗಾಡುವ ಹಕ್ಕು ಕೊಟ್ಟ ಕಾಯ್ದೆಯಾದದ್ದು 2000ದಲ್ಲಿ. ಅಂದರೆ ಕುರಿಗಳ ನಡುವೆ ನಾನು ನಿರಾತಂಕವಾಗಿ ಕೂತು ಡಬ್ಬಿ ಬಿಚ್ಚುವ ಸ್ವಾತಂತ್ರ್ಯ ಹಳೆಯ ಸಂಪ್ರದಾಯವೇನಲ್ಲ, ಜೈಲಿಗೆ ಹೋಗಿ ಗಳಿಸಿದ್ದು.

ಬಯಲಿನ ನಡುವೆ ಮ್ಯಾಲಮ್ ಟಾರ್ನ್. ಸಮುದ್ರಮಟ್ಟದಿಂದ 377 ಮೀಟರ್ ಎತ್ತರದ ಕೆರೆ. ಇಷ್ಟು ಹೊತ್ತು ನಾನು ಹೇಳಿದ್ದನ್ನು ಗಮನವಿಟ್ಟು ಓದಿದವರು ಇಲ್ಲಿ ತಡೆದು ಕೇಳಬೇಕು: ಸುಣ್ಣಕಲ್ಲಿನ ಮೇಲೆ ಕೆರೆ ನಿಂತದ್ದು ಹೇಗೆ? ನಿಂತಿಲ್ಲ. ಕೆರೆಯ ತಳದಲ್ಲಿರುವುದು ಸುಣ್ಣಕಲ್ಲಿಗಿಂತ ಹಳೆಯದಾದ, ನೀರು ಇಳಿಯದ ಪದರಗಲ್ಲು. ನೆಲದ ಬಿರುಕಿನುದ್ದಕ್ಕೂ ಕಲ್ಲುಗಳು ಮೇಲೆ ಕೆಳಗೆ ಜಾರಿದ್ದರಿಂದ ಅದು ಇಲ್ಲಿ ಮೇಲಕ್ಕೆ ಬಂದಿದೆ. ಹಿಮನದಿ ಬಿಟ್ಟುಹೋದ ಕಲ್ಲುಮಣ್ಣಿನ ದಿಬ್ಬ ಏರಿಯಾಯಿತು. ಮುಂದೆ ಮನುಷ್ಯರು ಕಟ್ಟೆ ಎತ್ತರಿಸಿ ತೂಬನ್ನೂ ಇಟ್ಟರು. ದಂಡೆಯ ಮನೆಯಲ್ಲಿ ಅತಿಥಿಯಾಗಿದ್ದ ಚಾರ್ಲ್ಸ್ ಕಿಂಗ್ಸ್ಲಿಗೆ 1863ರ ‘ದಿ ವಾಟರ್ ಬೇಬೀಸ್’ ಕಾದಂಬರಿಗೆ ಬೇಕಾದ ನೋಟಗಳು ಸಿಕ್ಕಿದ್ದು ಈ ಸೀಮೆಯಲ್ಲೇ.

ಕೆರೆಯಿಂದ ಹೊರಟ ತೊರೆ ದಕ್ಷಿಣಕ್ಕೆ ಹರಿದು ರಸ್ತೆ ದಾಟುತ್ತದೆ. ಅದರ ಜೊತೆಜೊತೆಗೇ ನಡೆಯಿರಿ. ಚೆನ್ನಾಗಿ ತುಂಬಿ ಹರಿಯುವ ತೊರೆ, ಮೊಣಕಾಲು ಮುಳುಗೀತು. ಪದರಗಲ್ಲು ಮುಗಿದು ಸುಣ್ಣಕಲ್ಲು ಶುರುವಾಗುವ ಜಾಗ ಬಂದಂತೆ ತಳದಲ್ಲಿ ನುಣ್ಣನೆಯ ಕಲ್ಲುಗಳು ಕಾಣತೊಡಗುತ್ತವೆ. ನೀರು ಅವುಗಳ ನಡುವೆ ನುಸುಳುತ್ತದೆ, ಸದ್ದು ಕಮ್ಮಿಯಾಗುತ್ತದೆ, ಹರಿವು ಕವಲಾಗುತ್ತದೆ, ಕಡೆಗೆ ಒಂದಷ್ಟು ಒದ್ದೆ ಕಲ್ಲು ಉಳಿಯುತ್ತದೆ. ಬಾಯಿ ತೆರೆದ ಗುಹೆಯೋ, ಸುಳಿಯೋ ಏನೂ ಇಲ್ಲ. ಹತ್ತು ಹೆಜ್ಜೆ ಹಿಂದೆ ಹೊಳೆ, ಹತ್ತು ಹೆಜ್ಜೆ ಮುಂದೆ ಒಣ ಹುಲ್ಲು. ನಕ್ಷೆಯಲ್ಲಿ ಈ ಜಾಗದ ಹೆಸರೇ ವಾಟರ್ ಸಿಂಕ್ಸ್. ಮಳೆಯಾದ ಮರುದಿನ ಹೋದರೆ ನೀರು ಇಂಗುವ ಜಾಗ ಒಂದಿಷ್ಟು ಕೆಳಗೆ ಸರಿದಿರುತ್ತದೆ.

ಕೆಳಗೆ ಕೋವ್‌ನ ಬುಡದಿಂದ ಒಂದು ತೊರೆ ಹೊರಡುತ್ತದೆ. ಇಲ್ಲಿ ಇಂಗಿದ್ದೇ ಅಲ್ಲಿ ಹೊರಡುತ್ತದೆ ಎಂದು ಜನ ಬಹುಕಾಲ ನಂಬಿದ್ದರು. ನೋಡಿದವರಿಗೆ ಅನಿಸುವುದೂ ಹಾಗೇ, ಎರಡೂ ಒಂದೇ ಕಣಿವೆಯ ಮೇಲೆ ಕೆಳಗೆ ಇವೆ. ಕೆರೆಯ ತೂಬು ಎತ್ತಿ ಒಮ್ಮೆಲೇ ನೀರು ಬಿಟ್ಟು ಯಾವ ಬುಗ್ಗೆ ಉಬ್ಬುತ್ತದೆ ಎಂದು ಕಾದು ನೋಡಿದರು, ನೀರಿಗೆ ಬಣ್ಣ ಬೆರೆಸಿಯೂ ನೋಡಿದರು. ಕೆರೆಯ ನೀರು ಮುಖ್ಯವಾಗಿ ಕೋವ್ ಅನ್ನು ಬಿಟ್ಟು, ಹಳ್ಳಿಯನ್ನೂ ದಾಟಿ, ಅದರ ದಕ್ಷಿಣದ ಏರ್ ಹೆಡ್ ಎಂಬ ಬುಗ್ಗೆಯಲ್ಲಿ ಮೇಲೇಳುತ್ತದೆ. ಕೋವ್‌ನ ಬುಡದಲ್ಲಿ ಹೊರಡುವ ನೀರು ಬಯಲಿನ ಪಶ್ಚಿಮದಲ್ಲಿ, ಹಿಂದೆ ಸೀಸ ಕರಗಿಸುತ್ತಿದ್ದ ಕುಲುಮೆಯ ಬಳಿ ಇಂಗಿದ್ದು. ಎಂದರೆ ಬೆಟ್ಟದ ಹೊಟ್ಟೆಯಲ್ಲಿ ಎರಡು ಹೊಳೆಗಳು ಒಂದನ್ನೊಂದು ಅಡ್ಡ ದಾಟುತ್ತವೆ.

ಅಲ್ಲಿಂದ ಮುಂದಿನದು ವಾಟ್ಲೋಸ್ ಎಂಬ ಬತ್ತಿದ ಕಣಿವೆ. ಎರಡು ಕಡೆ ಬಂಡೆ, ನಡುವೆ ಹೊಳೆಯ ಪಾತ್ರ, ನೀರು ಮಾತ್ರ ಇಲ್ಲ. ಹಿಮಯುಗದ ಕೊನೆಯಲ್ಲಿ ನೆಲದ ಸೀಳುಗಳೆಲ್ಲ ಹಿಮಗಟ್ಟಿ ಮುಚ್ಚಿಹೋಗಿದ್ದಾಗ, ಕರಗಿದ ನೀರು ಇಳಿಯಲು ಜಾಗವಿಲ್ಲದೆ ಮೇಲೆಯೇ ಹರಿದು ಈ ಕಣಿವೆಯನ್ನು ಕೊರೆಯಿತು. ಕಣಿವೆ ಮುಗಿಯುವಲ್ಲಿ ಕೋವ್‌ನ ನೆತ್ತಿ, ಹಾಸು ಹಾಸಾಗಿ ಬಿದ್ದ ಬೂದು ಬಣ್ಣದ ಕಲ್ಲು. ಹಿಮನದಿ ಮೇಲಿನ ಮಣ್ಣನ್ನೆಲ್ಲ ಹೆರೆದು ಹಾಕಿ ಬೋಳು ಮಾಡಿದ ಬಂಡೆಯನ್ನು ಮಳೆ ಸೀಳುಗುಂಟ ಕರಗಿಸಿ ತುಂಡು ತುಂಡು ಮಾಡಿದೆ. ಉಳಿದ ಹಲಗೆಗೆ ಕ್ಲಿಂಟ್, ನಡುವಿನ ಸಂದಿಗೆ ಗ್ರೈಕ್ ಎನ್ನುತ್ತಾರೆ.

ಅವ್ವ ಸೊಂಟದ ಮೇಲೆ ಕೈ ಇಟ್ಟು ಪೂರ್ತಿ ನೋಡಿದಳು. ‘ಯಾರ ಹಾಕ್ಯಾರ ಈ ಫರಸಿ? ಸಂದಿಗೆ ಸಿಮೆಂಟ ತುಂಬೇ ಇಲ್ಲಲ್ಲ!’

ಸಂದಿಗಳು ಕೆಲವು ಕಡೆ ಆಳಿನ ಸೊಂಟದಷ್ಟು ಆಳ. ಮೊಣಕಾಲೂರಿ ಬಗ್ಗಿ ನೋಡಿದರೆ ಒಳಗೆ ಒಂದು ಕಾಡೇ ಇದೆ. ಮೇಲೆ ಗಾಳಿ ಚರ್ಮ ಸುಲಿಯುತ್ತಿದ್ದರೆ ಕೆಳಗೆ ಒಂದೆಲೆಯೂ ಅಲುಗುವುದಿಲ್ಲ. ಹೊಳೆಯುವ, ಉದ್ದ ನಾಲಗೆಯ ಎಲೆಯ ಹಾರ್ಟ್ಸ್ ಟಂಗ್ ಜರಿಗಿಡ, ಕಪ್ಪು ಕಡ್ಡಿಯ ಸಣ್ಣ ಜರಿಗಳು, ಗುಲಾಬಿ ಬಣ್ಣದ ಹರ್ಬ್ ರಾಬರ್ಟ್. ಕುರಿಯ ಬಾಯಿ ಅಷ್ಟು ಆಳಕ್ಕೆ ಎಟುಕದ್ದರಿಂದ ಉಳಿದುಕೊಂಡಿವೆ. ಸುಣ್ಣಮಣ್ಣನ್ನೇ ಬಯಸುವ ಗಿಡಗಳು ಡೇಲ್ಸ್‌ನಲ್ಲಿ ಬಹಳ. ಹಳದಿ ಬಟ್ಟಲಿನ ಲೇಡೀಸ್ ಸ್ಲಿಪ್ಪರ್ ಎಂಬ ಆರ್ಕಿಡ್ ಬ್ರಿಟನ್ನಿನಿಂದಲೇ ಅಳಿಯಿತು ಎಂದು 1917ರಲ್ಲಿ ಸಾರಿದ್ದರು. 1930ರಲ್ಲಿ ಈ ಸೀಮೆಯಲ್ಲೇ ಒಂದೇ ಒಂದು ಗಿಡ ಸಿಕ್ಕಿತು. ಅದರ ಜಾಗವನ್ನು ದಶಕಗಳ ಕಾಲ ಯಾರಿಗೂ ಹೇಳದೆ ಕಾವಲು ಕಾದರು.

ಬಂಡೆಯ ಮೇಲ್ಮೈಯನ್ನೂ ಸವರಿ ನೋಡಿ. ಸಣ್ಣ ಬಿಲ್ಲೆಗಳು, ಚಿಪ್ಪಿನ ಅಂಚುಗಳು ಕೈಗೆ ತಗಲುತ್ತವೆ. ಸುಮಾರು 33 ಕೋಟಿ ವರ್ಷದ ಹಿಂದೆ ಈ ನೆಲ ಭೂಮಧ್ಯರೇಖೆಯ ಹತ್ತಿರ, ಬೆಚ್ಚನೆಯ ಆಳವಿಲ್ಲದ ಕಡಲ ತಳದಲ್ಲಿತ್ತು. ಬಿಲ್ಲೆಗಳು ಕ್ರಿನಾಯ್ಡ್ ಎಂಬ ಕಡಲಜೀವಿಯ ದಂಟಿನ ಚೂರುಗಳು. ಶಹಾಬಾದಿನ ಕಲ್ಲು ಇದಕ್ಕಿಂತ ಬಹಳ ಹಳೆಯದು. ನಮ್ಮ ಮನೆಯ ನೆಲದ ಮೇಲೆ ಮಲಗಿ ಬೇಸಿಗೆ ಕಳೆದವಳು ನಾನು, ಅದರಲ್ಲಿ ಒಂದು ಚಿಪ್ಪನ್ನೂ ಕಂಡಿಲ್ಲ.

ಇಂಥ ಕಲ್ಲುಹಾಸುಗಳನ್ನು ಇಂಗ್ಲಿಷರು ಒಂದು ಕಾಲದಲ್ಲಿ ಮನಬಂದಂತೆ ಕಿತ್ತರು. ಮಳೆ ತಿಂದು ತಿಂದು ಚಿತ್ತಾರವಾದ ಮೇಲ್ಪದರಕ್ಕೆ ಮನೆಯ ಕೈತೋಟದಲ್ಲಿ ಬಲು ಬೇಡಿಕೆ ಇತ್ತು. 1981ರ ಕಾಯ್ದೆಯ ನಂತರ ರಕ್ಷಣೆಯ ಆದೇಶ ಇರುವ ಕಲ್ಲುಹಾಸಿನಿಂದ ಕಲ್ಲು ಎಬ್ಬಿಸುವುದು ಅಪರಾಧ. ಒಳ್ಳೆಯದೇ. ಆದರೆ ಲೀಡ್ಸಿನ ನಮ್ಮ ಬೀದಿಯಲ್ಲಿ ಯಾರಾದರೂ ಹಿತ್ತಲಿಗೆ ಹಾಸುಗಲ್ಲು ಹಾಕಿಸುತ್ತಿದ್ದರೆ ಹೋಗಿ ನೋಡುತ್ತೇನೆ. ರಾಜಸ್ಥಾನದ ಮರಳುಗಲ್ಲು, ಕೋಟಾ ಕಲ್ಲು, ಕಡಪದ ಕಪ್ಪು ಸುಣ್ಣಕಲ್ಲು. ತಮ್ಮ ಬೆಟ್ಟ ಉಳಿಸಿಕೊಂಡವರ ಅಂಗಳಕ್ಕೆ ನಮ್ಮ ಬೆಟ್ಟಗಳು ಹಡಗು ಹತ್ತಿ ಬರುತ್ತವೆ. ಖಣಿಯ ಕೂಲಿಯಲ್ಲೇ ಉಂಡು ಓದಿದ ಮನೆಯವಳಾಗಿ ಇದನ್ನು ನೇರ ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಸರಿ ಎನ್ನಲೂ ಬರುವುದಿಲ್ಲ.

ಕೋವ್‌ನ ನೆತ್ತಿಯ ಅಂಚಿಗೆ ಬೇಲಿಯಿಲ್ಲ. ಅಲ್ಲಿಂದ ಕೆಳಕ್ಕೆ ಸುಮಾರು 80 ಮೀಟರ್ ನೇರ ಬಂಡೆ, 300 ಮೀಟರ್ ಅಗಲಕ್ಕೆ ಬಾಗಿದೆ. ಹನ್ನೆರಡು ಸಾವಿರ ವರ್ಷಗಳಿಗೂ ಹಿಂದೆ ಹಿಮ ಕರಗಿದ ನೀರು ಜಲಪಾತವಾಗಿ ಬೀಳುತ್ತಿದ್ದ ಜಾಗ. ಆಮೇಲೆ ಸೀಳುಗಳು ತೆರೆದುಕೊಂಡು ನೀರು ಒಳಗಿಳಿಯಿತು. 2015ರ ಡಿಸೆಂಬರ್ 6ರಂದು, ಡೆಸ್ಮಂಡ್ ಬಿರುಗಾಳಿಯ ಮಳೆಗೆ ಒಳಗಿನ ದಾರಿಗಳೆಲ್ಲ ತುಂಬಿ, ಬತ್ತಿದ ಕಣಿವೆಯಲ್ಲಿ ಹೊಳೆ ಹರಿದು ಕೋವ್ ಮೇಲಿಂದ ಧುಮುಕಿತು. ಬದುಕಿರುವ ಯಾರೂ ಅದುವರೆಗೆ ಕಾಣದ ಜಲಪಾತ. ಸ್ವಲ್ಪ ಹೊತ್ತು ಬಿದ್ದು ನಿಂತುಹೋಯಿತು. ಅದಾಗಿ ಮೂರೇ ವಾರಕ್ಕೆ ಲೀಡ್ಸಿನಲ್ಲಿ ನೆರೆ.

ಸುಮಾರು 400 ಮೆಟ್ಟಿಲು ಇಳಿದರೆ ಬಂಡೆಯ ಬುಡ. ವಸಂತದಲ್ಲಿ ಇಲ್ಲಿ ದುರ್ಬೀನು ಇಟ್ಟುಕೊಂಡ ಹಕ್ಕಿಪ್ರಿಯ ಸ್ವಯಂಸೇವಕರು ಬಂಡೆಯ ಮೇಲೆ ಗೂಡು ಮಾಡುವ ಪೆರೆಗ್ರಿನ್ ಗಿಡುಗವನ್ನು ಬಂದವರಿಗೆಲ್ಲ ತೋರಿಸುತ್ತಾರೆ. ಹ್ಯಾರಿ ಪಾಟರ್‌ನ ಏಳನೇ ಕತೆಯ ಮೊದಲ ಸಿನಿಮಾವನ್ನು ನೆತ್ತಿಯ ಕಲ್ಲುಹಾಸಿನ ಮೇಲೆ ಚಿತ್ರೀಕರಿಸಿದ ಮೇಲೆ ಮಕ್ಕಳ ಗದ್ದಲವೂ ಜಾಸ್ತಿ.

ಹೋಗುವವರಿಗೆ ಎರಡು ಮಾತು. ಒದ್ದೆಯಾದ ಸುಣ್ಣಕಲ್ಲು, ಅದರಲ್ಲೂ ಸಾವಿರಾರು ಬೂಟುಗಳು ತಿಕ್ಕಿ ನುಣುಪಾದದ್ದು, ಗ್ರಾನೈಟಿನ ಹಾಗೆ ಕಾಲು ಹಿಡಿಯುವುದಿಲ್ಲ. ಹಿಮ ಬಿದ್ದಾಗ ಸಂದಿಗಳು ಮುಚ್ಚಿಹೋಗಿ ಕಾಲು ಮುರಿಯುತ್ತದೆ. ಬಯಲಿನಲ್ಲಿ ಮೊಬೈಲ್ ಸಿಗ್ನಲ್ಲನ್ನು ನಂಬಬೇಡಿ, ಕಾಗದದ ನಕ್ಷೆ ಇರಲಿ. ಆಪತ್ತು ಬಂದರೆ 999ಕ್ಕೆ ಕರೆ ಮಾಡಿ ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಕೇಳಬೇಕು. ಬರುವವರು ಸಂಬಳವಿಲ್ಲದೆ ದುಡಿಯುವ ಸುತ್ತಲಿನ ಊರಿನವರು. ಇನ್ನೊಂದು ದಿನ ಕೈಯಲ್ಲಿದ್ದರೆ 723 ಮೀಟರಿನ ಇಂಗಲ್‌ಬರೋ ಬೆಟ್ಟದ ಕಡೆ ಹೋಗಿ. ಅದರ ಮಗ್ಗುಲಲ್ಲಿ ಫೆಲ್ ಬೆಕ್ ತೊರೆ ಗೇಪಿಂಗ್ ಗಿಲ್ ಎಂಬ ಬಾವಿಗೆ 98 ಮೀಟರ್ ಬೀಳುತ್ತದೆ. 1895ರಲ್ಲಿ ಫ್ರಾನ್ಸಿನ ಎಡ್ವಾರ್ ಮಾರ್ಟೆಲ್ ಮೊದಲ ಬಾರಿಗೆ ಇಳಿದ ಆ ಬಾವಿಗೆ ಈಗ ವರ್ಷದಲ್ಲಿ ಎರಡು ಸಲ ಗುಹಾ ಕ್ಲಬ್ಬುಗಳು ರಾಟೆ ಕಟ್ಟಿ ಸಾರ್ವಜನಿಕರನ್ನೂ ಕುರ್ಚಿಯಲ್ಲಿ ಇಳಿಸುತ್ತವೆ.

ಏರ್ ಹೆಡ್ ಬುಗ್ಗೆಗೆ ಬಹಳ ಜನ ಹೋಗುವುದಿಲ್ಲ. ಹಳ್ಳಿಯಿಂದ ದಕ್ಷಿಣಕ್ಕೆ ತೊರೆಯ ದಂಡೆ ಹಿಡಿದು ಹತ್ತು ನಿಮಿಷ. ಹುಲ್ಲುಗಾವಲಿನ ತಗ್ಗಿನಲ್ಲಿ ನೀರು ಗುಳ್ಳೆಯಿಲ್ಲದೆ, ಸದ್ದಿಲ್ಲದೆ ನೆಲದಿಂದ ಏಳುತ್ತದೆ. ಬೆಳಿಗ್ಗೆ ನಮ್ಮ ಕಣ್ಣೆದುರು ಇಂಗಿದ್ದ ನೀರು ಬಹುಶಃ ಇನ್ನೂ ಒಳಗೇ ಇತ್ತು. ಲೀಡ್ಸಿನ ನದಿ ಹುಟ್ಟುವುದು ಇಲ್ಲೇ ಎಂದೆ. ಅವ್ವ ತಲಕಾವೇರಿ ನೋಡಿ ಬಂದವಳು. ಸುತ್ತ ಒಂದು ಕಲ್ಲುಕಟ್ಟೆಯೂ ಇಲ್ಲ, ಬೋರ್ಡೂ ಇಲ್ಲ, ಎರಡು ಹಸು ಬುಗ್ಗೆಯಲ್ಲೇ ಕಾಲಿಟ್ಟು ನಿಂತಿವೆ.

‘ಇಷ್ಟ ದೊಡ್ಡ ಹೊಳಿಗಿ ಒಂದ್ ಗುಡಿನೂ ಕಟ್ಟಿಲ್ಲೇನ ಇವ್ರು?’

ಇಲ್ಲ ಎಂದೆ. ಅವಳು ಮಳೆಕೋಟಿನ ಜೇಬಿನಿಂದ ಐವತ್ತು ಪೆನ್ನಿಯ ನಾಣ್ಯ ತೆಗೆದಳು. ನೀರಿಗೆ ಹಾಕುವುದು ಬೇಡ, ಹಸು ತುಳಿದೀತು ಎಂದು ತಡೆದೆ. ಸ್ಕಿಪ್ಟನ್ ಬಸ್ಸಿಗೆ ಇನ್ನು ಇಪ್ಪತ್ತು ನಿಮಿಷ ಇತ್ತು. ಆ ನಾಣ್ಯ ಹಳ್ಳಿಯ ಕಾರ್ ಪಾರ್ಕಿನ ಪಕ್ಕದ ರಕ್ಷಣಾ ತಂಡದ ಡಬ್ಬಿಗೆ ಬಿತ್ತು.